ಫೀಲ್ಡ್ ಆಂಬುಲೆನ್ಸ್‌ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಚಿಕ್ಕಪ್ಪ ಮಿಲಿಟರಿಯಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. ಊರಿನ ಶಾಲೆಯ ಸ್ಮರಣ ಸಂಚಿಕೆಗೆ ಅವರ ಬಗ್ಗೆ ಒಂದು ಪುಟ ಬರೆದುಕೊಟ್ಟಿದ್ದೆ. ‘ಆರು ವರ್ಷ ಫೀಲ್ಡ್ ಆಂಬುಲೆನ್ಸ್‌ನಲ್ಲಿದ್ದರು’ ಅಂತ ಬರೆದದ್ದು ಅಚ್ಚಾಗಿ ಬಂದಾಗ ‘ಆರು ವರ್ಷ ಆಂಬುಲೆನ್ಸ್ ಓಡಿಸಿದರು’ ಅಂತಾಗಿತ್ತು. ತಿದ್ದಿದವರನ್ನು ಬೈಯಲಾರೆ. ನಮಗೆಲ್ಲ ಆಂಬುಲೆನ್ಸ್ ಅಂದರೆ ಗಾಡಿಯೇ, 2008ರಿಂದ ಈಚೆಗಂತೂ ‘108 ಬಂತಾ?’ ಅಂತಲೇ ಕೇಳುತ್ತೇವೆ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಪೆನ್ನು ತಗೊಂಡು ಆ ಸಾಲಿನ ಮೇಲೆ ಗೆರೆ ಎಳೆದು, ಪುಸ್ತಕ ಮುಚ್ಚಿಟ್ಟರು. ನನಗೆ ಅದು ಚುಚ್ಚಿತು.

ಸೇನೆಯಲ್ಲಿ ಫೀಲ್ಡ್ ಆಂಬುಲೆನ್ಸ್ ಅಂದರೆ ಗಾಡಿಯಲ್ಲ, ಒಂದು ಇಡೀ ಪಡೆ. ಡಾಕ್ಟರು, ನರ್ಸಿಂಗ್‌ನವರು, ಸ್ಟ್ರೆಚರ್ ಹೊರುವವರು, ಡ್ರೈವರು, ಅಡುಗೆಯವರು ಎಲ್ಲ ಸೇರಿ ಒಂದು ಯೂನಿಟ್. ಬೆಟಾಲಿಯನ್ ಜೊತೆಗೇ ಇರುವ ಡಾಕ್ಟರು, ಅಂದರೆ ಆರ್‌ಎಂಒ (ರೆಜಿಮೆಂಟಲ್ ಮೆಡಿಕಲ್ ಆಫೀಸರ್), ಗಾಯಕ್ಕೆ ಮೊದಲ ಪಟ್ಟಿ ಕಟ್ಟುತ್ತಾರೆ. ಅಲ್ಲಿಂದ ಹಿಂದಕ್ಕೆ ಹೊತ್ತು ತಂದರೆ ಫೀಲ್ಡ್ ಆಂಬುಲೆನ್ಸ್, ಅದಕ್ಕೂ ತುಂಬಾ ಹಿಂದೆ ಬೇಸ್ ಹಾಸ್ಪಿಟಲ್. ಶಾಂತಿಕಾಲದಲ್ಲಿ ಜ್ವರ, ಕಾಲುನೋವು ಅಂತ ಜವಾನರು ಹೋಗುವ ಎಂಐ ರೂಮ್ (ಮೆಡಿಕಲ್ ಇನ್‌ಸ್ಪೆಕ್ಷನ್ ರೂಮ್) ಬೇರೆ.

ಪದದ ಹುಟ್ಟು ನೋಡಿದರೆ ಮಿಲಿಟರಿಯವರದ್ದೇ ಹಳೆಯ ಅರ್ಥ. ಲ್ಯಾಟಿನ್ನಿನ ‘ನಡೆ’ ಅನ್ನುವ ಪದದಿಂದ ಬಂದದ್ದು, ಸೈನ್ಯದ ಬೆನ್ನಿಗೇ ಸಾಗುವ ಆಸ್ಪತ್ರೆಗೆ ಫ್ರೆಂಚರು ಇಟ್ಟ ಹೆಸರು. ಗಾಡಿಗೆ ಅಂಟಿಕೊಂಡದ್ದು ಆಮೇಲೆ. 1899ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಕಟ್ಟಿದ ಆಂಬುಲೆನ್ಸ್ ದಳ ಇದೆಯಲ್ಲ, ಅದರಲ್ಲಿ ಸುಮಾರು 1,100 ಜನ ಇದ್ದರು, ಗಾಯಾಳುಗಳನ್ನು ಸ್ಟ್ರೆಚರ್ ಮೇಲೆ ಮೈಲಿಗಟ್ಟಲೆ ಹೊತ್ತು ನಡೆದರು. ಅಲ್ಲಿ ಆಂಬುಲೆನ್ಸ್ ಅಂದರೆ ಆ ಜನರೇ.

ಇನ್ನೊಂದು ಉದಾಹರಣೆ ನಮ್ಮ ಸೇನೆಯ 60 ಪ್ಯಾರಾ (ಅಂದರೆ ಪ್ಯಾರಾಚೂಟ್) ಫೀಲ್ಡ್ ಆಂಬುಲೆನ್ಸ್. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಮುಂದಾಳತ್ವದಲ್ಲಿ 1950ರ ನವೆಂಬರಿನಲ್ಲಿ ಕೊರಿಯಾ ಯುದ್ಧಕ್ಕೆ ಹೋಯಿತು. ಡಿಸೆಂಬರಿನಲ್ಲಿ ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್ ಬಿಟ್ಟು ವಿಶ್ವಸಂಸ್ಥೆಯ ಪಡೆಗಳೆಲ್ಲ ಹಿಂದೆ ಸರಿಯುವಾಗ ಇವರ ಸಾಮಾನು ಸಾಗಿಸಲು ಲಾರಿಗಳಿಲ್ಲ. ಆಪರೇಷನ್ ಸಾಮಾನು ಬಿಟ್ಟುಹೋದರೆ ಮುಂದೆ ಮಾಡುವುದಾದರೂ ಏನು? ಒಂದು ಹಳೆಯ ಉಗಿ ಎಂಜಿನ್ ಹುಡುಕಿ, ಸಾಲಾಗಿ ನಿಂತು ಬಕೆಟ್ಟಿನಲ್ಲಿ ನೀರು ದಾಟಿಸಿ ಬಾಯ್ಲರ್ ತುಂಬಿ, ತಾವೇ ರೈಲು ಓಡಿಸಿಕೊಂಡು ದಕ್ಷಿಣಕ್ಕೆ ಬಂದರು. ಮರುವರ್ಷ ಮಾರ್ಚಿನಲ್ಲಿ ಮುನ್ಸಾನ್ ಹತ್ತಿರ ಅಮೆರಿಕದ ಪಡೆಯ ಜೊತೆ ಇವರಲ್ಲಿ ಕೆಲವರು ಪ್ಯಾರಾಚೂಟಿನಲ್ಲೂ ಇಳಿದರು. ರಂಗರಾಜ್ ಅವರಿಗೆ ಮಹಾವೀರ ಚಕ್ರ ಬಂತು. ಇಂಥವರ ಬಗ್ಗೆ ‘ಆಂಬುಲೆನ್ಸ್ ಕೊರಿಯಾಕ್ಕೆ ಹೋಯಿತು’ ಅಂತ ಬರೆದರೆ ಕನ್ನಡದಲ್ಲಿ ಓದುವವರ ಕಣ್ಣಿಗೆ ಬರುವುದು ಒಂದು ಬಿಳಿ ವ್ಯಾನು, ಅಲ್ವಾ? 2023ರ ಫೆಬ್ರವರಿಯಲ್ಲಿ ಟರ್ಕಿ ಭೂಕಂಪಕ್ಕೆ ಹೋಗಿ ಇಸ್ಕೆಂದೆರುನ್‌ನಲ್ಲಿ ಆಸ್ಪತ್ರೆ ತೆರೆದದ್ದೂ ಇದೇ ಪಡೆ. ಈಗ ಅದರ ಹೆಸರು 60 ಪ್ಯಾರಾ ಫೀಲ್ಡ್ ಹಾಸ್ಪಿಟಲ್. ಸೇನೆಯೇ ಇಲ್ಲಿ ಆಂಬುಲೆನ್ಸ್ ಅನ್ನೋದನ್ನ ಬಿಟ್ಟಿದೆ.

ಈಗ ಪದ. ‘ಸಂಚಾರಿ ಆಸ್ಪತ್ರೆ’ ಅಂದರೆ ಹಳ್ಳಿಗೆ ಬರುವ ಆರೋಗ್ಯ ಇಲಾಖೆಯ ವ್ಯಾನು ನೆನಪಾಗುತ್ತದೆ, ಮತ್ತೆ ಗಾಡಿಯೇ. ‘ಯುದ್ಧಭೂಮಿ ಚಿಕಿತ್ಸಾ ಘಟಕ’ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ನನಗೆ ಹಿಡಿಸಿದ್ದು ‘ದಂಡಿನ ಆಸ್ಪತ್ರೆ’, ಅಥವಾ ಉತ್ತರ ಕರ್ನಾಟಕದವರ ಬಾಯಲ್ಲಿ ‘ದಂಡಿನ ದವಾಖಾನಿ’. ದಂಡು ಅಂದರೆ ಹೊರಟ ಸೈನ್ಯ, ದಂಡೆತ್ತಿ ಹೋಗುವುದು ಅನ್ನುತ್ತೇವಲ್ಲ, ಆ ಚಲನೆ ಪದದಲ್ಲೇ ಇದೆ. ಬೇಸ್ ಹಾಸ್ಪಿಟಲ್‌ಗೆ ‘ನೆಲೆ ಆಸ್ಪತ್ರೆ’ ಅಂದರೆ ಜೋಡಿಯೂ ಆಗುತ್ತದೆ, ಒಂದು ಸಾಗುವುದು, ಇನ್ನೊಂದು ನೆಲೆ ನಿಂತದ್ದು.

ತೊಡಕು ಎರಡು. ಬೆಂಗಳೂರಿನವರಿಗೆ ದಂಡು ಅಂದರೆ ಕಂಟೋನ್ಮೆಂಟು, ಕದಲದ ಜಾಗ. ನೆಲೆ ಅಂದರೆ ವಾಯುನೆಲೆ ನೆನಪಾಗಿ, ಅಲ್ಲಿನ ಡಾಕ್ಟರ ಕೋಣೆ ಅಂತ ತಿಳಿದಾರು.

ಕೊಡಗು, ಬೆಳಗಾವಿ ಕಡೆ ಮಿಲಿಟರಿಗೆ ಹೋದವರ ಮನೆಗಳು ಜಾಸ್ತಿ. ನಿಮ್ಮ ಮನೆಯ ಹಿರಿಯರು ಇದಕ್ಕೆ ಏನನ್ನುತ್ತಿದ್ದರು? ಅವರ ಬಾಯಲ್ಲಿ ಕೇಳಿದ ಪದ ಇದ್ದರೆ ದಯವಿಟ್ಟು ತಿಳಿಸಿ. ಸ್ಮರಣ ಸಂಚಿಕೆ ಎರಡನೇ ಸಲ ಅಚ್ಚಾಗುತ್ತಿದೆ, ಚಿಕ್ಕಪ್ಪನ ಸಾಲು ಈ ಸಲ ಸರಿಯಾಗಿ ಬರಬೇಕು.