ಐಸಿಯು ರೋಗಿಯ ರಕ್ತದ ಸಕ್ಕರೆಯನ್ನು 100ಕ್ಕೆ ಇಳಿಸಬಾರದೇಕೆ?

ಪ್ರಶ್ನೆ:
ತೀವ್ರ ಸೋಂಕಿನಿಂದ ನಮ್ಮ ತಂದೆಯವರು ನಾಲ್ಕು ದಿನಗಳಿಂದ ವೆಂಟಿಲೇಟರ್‌ನಲ್ಲಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೂ ಮೊನ್ನೆ ಸಕ್ಕರೆ 240ಕ್ಕೆ ಏರಿತೆಂದು ಇನ್ಸುಲಿನ್ ಆರಂಭಿಸಿದ್ದಾರೆ. ಈಗ 165ರ ಆಸುಪಾಸಿನಲ್ಲಿದೆ, ಇಷ್ಟೇ ಸಾಕು ಎನ್ನುತ್ತಾರೆ ವೈದ್ಯರು. ಇನ್ನೂ ಇಳಿಸಿದರೆ ಒಳ್ಳೆಯದಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಐಸಿಯು ವೈದ್ಯ):
ದೇಹ ಇಂಥ ಆಘಾತಕ್ಕೆ ಸಿಲುಕಿದಾಗ ಕಾರ್ಟಿಸಾಲ್, ಅಡ್ರಿನಲಿನ್‌ನಂತಹ ಹಾರ್ಮೋನುಗಳು ಯಕೃತ್ತಿನಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುವುದಲ್ಲದೆ ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡಬರುವುದರಿಂದ, ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅದು ಏರುತ್ತದೆ. ಸ್ಟೀರಾಯ್ಡ್ ನಡೆಯುತ್ತಿದ್ದರೆ ಮತ್ತಷ್ಟು.

100ಕ್ಕೆ ಇಳಿಸಿ ನೋಡಿಲ್ಲವೆಂದಲ್ಲ. ಬೆಲ್ಜಿಯಂನ ಲ್ಯುವೆನ್‌ನಲ್ಲಿ ಶಸ್ತ್ರಚಿಕಿತ್ಸೆಯ ಐಸಿಯು ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವು, ಸಕ್ಕರೆಯನ್ನು 80ರಿಂದ 110ರೊಳಗೆ ಇಟ್ಟರೆ ಸಾವು ಕಡಿಮೆಯಾಗುತ್ತದೆ ಎಂದಿತು. ಅನೇಕರು ಅದನ್ನೇ ಅನುಸರಿಸಿದರು. ಆದರೆ 2009ರಲ್ಲಿ, ಆರು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ನೈಸ್-ಶುಗರ್ ಅಧ್ಯಯನದಲ್ಲಿ, ಬಿಗಿಯಾಗಿ ಇಳಿಸಿದ ಗುಂಪಿನ ಶೇ 27.5 ಮಂದಿ 90 ದಿನಗಳೊಳಗೆ ತೀರಿಕೊಂಡರೆ, 180ರವರೆಗೆ ಬಿಟ್ಟ ಗುಂಪಿನಲ್ಲಿ ಆ ಪ್ರಮಾಣ ಶೇ 24.9 ಇತ್ತು. ಸಕ್ಕರೆ 40ಕ್ಕೋ ಅದಕ್ಕೂ ಕೆಳಗೋ ಕುಸಿದದ್ದು ಮೊದಲ ಗುಂಪಿನ ಶೇ 6.8 ಮಂದಿಯಲ್ಲಿ, ಎರಡನೆಯದರಲ್ಲಿ ಕೇವಲ ಶೇ 0.5. ಆದ್ದರಿಂದಲೇ ಈಗ ಸಾಮಾನ್ಯವಾಗಿ 180 ದಾಟಿದ ಮೇಲೆ ಇನ್ಸುಲಿನ್ ಆರಂಭಿಸಿ, 140ರಿಂದ 180ರೊಳಗೆ ಕಾಯ್ದುಕೊಳ್ಳುತ್ತೇವೆ. ನಿಮ್ಮ ತಂದೆಯವರ 165 ಸರಿಯಾಗಿಯೇ ಇದೆ.

ಉತ್ತರ 2 (ಐಸಿಯು ಶುಶ್ರೂಷಕಿ):
ಸಕ್ಕರೆ ಕುಸಿದರೆ ಎಚ್ಚರವಿರುವವರು ತಲೆಸುತ್ತು, ನಡುಕ ಎಂದು ಹೇಳಿಕೊಳ್ಳುತ್ತಾರೆ. ನಿದ್ರೆಯ ಔಷಧದಲ್ಲಿ ಮಲಗಿರುವವರು ಏನು ಹೇಳಿಯಾರು? ಒಮ್ಮೆ ಸ್ಕ್ಯಾನಿಗೆಂದು ರೋಗಿಯೊಬ್ಬರ ಮೂಗಿನ ನಳಿಕೆಯ ಆಹಾರ ನಿಲ್ಲಿಸಿದ್ದರು, ಇನ್ಸುಲಿನ್ ಪಂಪ್ ಮಾತ್ರ ಓಡುತ್ತಲೇ ಇತ್ತು. ಮರಳಿ ಬಂದಾಗ ನೋಡಿದರೆ ಸಕ್ಕರೆ 52. ಕೂಡಲೇ ಪಂಪ್ ನಿಲ್ಲಿಸಿ ರಕ್ತನಾಳಕ್ಕೆ ಗ್ಲುಕೋಸ್ ಕೊಟ್ಟೆವು, ಅಪಾಯವಾಗಲಿಲ್ಲ. ಆದರೆ ಅಂದಿನಿಂದ ಆಹಾರ ನಿಂತಿತೆಂದರೆ ನನ್ನ ಕಣ್ಣು ಮೊದಲು ಹೋಗುವುದು ಪಂಪಿನ ಕಡೆಗೇ.

ಇನ್ನೊಂದು ಮಾತು: ರಕ್ತದೊತ್ತಡ ಕುಸಿದು ಬೆರಳು ತಣ್ಣಗಾಗಿ ಊದಿಕೊಂಡಿದ್ದರೆ ಬೆರಳು ಚುಚ್ಚಿ ನೋಡಿದ ಅಂಕಿಯನ್ನು ನಂಬುವಂತಿಲ್ಲ. ಅಪಧಮನಿಯ ಕೊಳವೆಯಿಂದ ತೆಗೆದ ರಕ್ತವೇ ವಾಸಿ. ಇನ್ಸುಲಿನ್ ಪೊಟ್ಯಾಸಿಯಂ ಮಟ್ಟವನ್ನೂ ಇಳಿಸುವುದರಿಂದ ಅದನ್ನೂ ನೋಡುತ್ತಿರಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಗುಣವಾದ ಮೇಲೂ ತಂದೆಯವರಿಗೆ ಇನ್ಸುಲಿನ್ ಬೇಕಾಗುವುದೇ?

ಉತ್ತರ 1 (ಐಸಿಯು ವೈದ್ಯ):
ಬಹಳಷ್ಟು ಜನರಿಗೆ ಬೇಕಾಗುವುದಿಲ್ಲ. ಸೋಂಕು ಇಳಿದಂತೆ ಇನ್ಸುಲಿನ್ನಿನ ಅಗತ್ಯವೂ ತಗ್ಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಮಾಡಿದ್ದಾರೆಯೇ ಎಂದು ವಿಚಾರಿಸಿ. ಹಿಂದಿನ ಎರಡು ಮೂರು ತಿಂಗಳ ಸಕ್ಕರೆ ಹೇಗಿತ್ತೆಂಬುದು ಅದರಿಂದ ತಿಳಿಯುತ್ತದೆ. ಈಚೆಗೆ ಅವರಿಗೆ ಬೇರೆಯವರ ರಕ್ತ ಏರಿಸಿದ್ದರೆ ಮಾತ್ರ ಆ ಅಂಕಿ ದಾರಿ ತಪ್ಪಿಸಬಹುದು.