ಮನೆಯಲ್ಲೇ ಅಚ್ಚುಚಿತ್ರ: ಬಣ್ಣ ಹರಡದಂತೆ ಒತ್ತುವುದು ಹೇಗೆ?

ಪ್ರಶ್ನೆ (ಬದಿಯಡ್ಕ):
ಮಳೆಯಿಂದಾಗಿ ಶಾಲೆಗೆ ರಜೆ ಸಿಕ್ಕಿದಾಗ ಒಂಬತ್ತು ವರ್ಷದ ಮಗಳೊಂದಿಗೆ ಬೆಂಡೆಕಾಯಿಯ ಅಚ್ಚು ಒತ್ತಲು ಪ್ರಯತ್ನಿಸಿದೆ. ಆದರೆ ಐದು ಮೂಲೆಯ ಹೂವಿನ ಬದಲು ಬರಿಯ ಕಲೆ ಮೂಡುತ್ತಿದೆ. ತಪ್ಪು ಎಲ್ಲಿದೆ ಎಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಕುಂಬಳೆ):
ಬೆಂಡೆಯ ಲೋಳೆ ಬಣ್ಣವನ್ನು ನೀರಾಗಿಸುತ್ತದೆ. ಕೊಯ್ದ ತುಂಡನ್ನು ಹಳೆಯ ಬಟ್ಟೆಯ ಮೇಲೆ ಹತ್ತು ನಿಮಿಷ ಕವುಚಿಡಿ. ಬಣ್ಣದಲ್ಲಿ ಅದ್ದದೆ ಸ್ಪಂಜಿನಿಂದ ತೆಳುವಾಗಿ ತಟ್ಟಿ, ಕಾಗದದ ಅಡಿಯಲ್ಲಿ ನಾಲ್ಕು ಮಡಿ ಪತ್ರಿಕೆ ಹಾಸಿ, ನೇರವಾಗಿ ಒತ್ತಿ ನೇರವಾಗಿಯೇ ಎತ್ತಿದರೆ ಅಂಚು ಸ್ಪಷ್ಟವಾಗಿ ಉಳಿಯುತ್ತದೆ.

ಉತ್ತರ (ಮಂಜೇಶ್ವರ):
ನನ್ನ ಅನುಭವದಲ್ಲಿ ತರಕಾರಿಗಿಂತ ಎಲೆಯೇ ಹೆಚ್ಚು ಕಲಿಸುತ್ತದೆ. ಹಲಸಿನ ಎಲೆಯ ಹಿಂಬದಿಯಲ್ಲಿ ನರಗಳು ಉಬ್ಬಿರುವುದರಿಂದ ಆ ಬದಿಗೇ ಬಣ್ಣ ಹಚ್ಚಿ, ಮೇಲೆ ಕಾಗದವಿಟ್ಟು, ಚಮಚದ ಬೆನ್ನಿನಿಂದ ನಿಧಾನವಾಗಿ ಉಜ್ಜಬೇಕು. ಮೊದಲ ಅಚ್ಚನ್ನು ನೋಡಿ ನಿರಾಶರಾಗಬೇಡಿ. ಬಣ್ಣ ಕಡಿಮೆಯಾದ ಎರಡನೆಯದರಲ್ಲಿ ಕೂದಲೆಳೆಯಂತಹ ನರಗಳೂ ಕಾಣಿಸುತ್ತವೆ. ಒಣಗಿದ ನಂತರ ಮಗು ಆ ಗೆರೆಗಳನ್ನೇ ಪೆನ್ಸಿಲಿನಿಂದ ಮುಂದುವರಿಸಿ ಮರವನ್ನೋ ತೋಡನ್ನೋ ಬಿಡಿಸಲಿ.

ಮರುನುಡಿ (ಬದಿಯಡ್ಕ):
ನೀವಿಬ್ಬರೂ ಹೇಳಿದಂತೆ ಮಾಡಿದೆವು. ಬೆಂಡೆಯ ಬೀಜದ ಕೋಣೆಗಳು ಕೂಡ ಬಿಳಿಯಾಗಿ ಮೂಡಿದವು. ನಾಳೆ ಉದ್ದ ಗೆರೆಗಳಿಗಾಗಿ ತೋಟದಿಂದ ಅಡಕೆ ಹಾಳೆಯ ತುಂಡನ್ನು ತರುತ್ತೇವೆ.