ಸಹಾಯ ಬೇಕು: ಒಂದು ಕಡೆ ಮುಟ್ಟಿದರೆ ಇನ್ನೊಂದು ಕಡೆ ಕೆಡುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಅಳತೆ ಯಂತ್ರ ಮಾಡುವ ತಂಡದಲ್ಲಿ ಸಿಸ್ಟಮ್ಸ್ ಎಂಜಿನಿಯರ್. ಯಂತ್ರದಲ್ಲಿ ಮೊದಲು 8 ಮಾಡ್ಯೂಲ್ (ಬಿಡಿ ಘಟಕ) ಇದ್ದವು, ಈಗ 30. ಜೋಡಿ ಲೆಕ್ಕ ಹಾಕಿದರೆ 28 ಇದ್ದದ್ದು 435 ಆಗುತ್ತದೆ! ಎಲ್ಲವೂ ಒಂದಕ್ಕೊಂದು ಮಾತಾಡುವುದಿಲ್ಲ ನಿಜ. ಆದರೆ ಯಾವುದು ಯಾವುದರ ಜೊತೆ ಮಾತಾಡುತ್ತದೆ ಅಂತ ಪೂರ್ತಿ ಗೊತ್ತಿರುವವರು ಯಾರೂ ಇಲ್ಲ, ಅದೇ ತಲೆನೋವು.

ಕಳೆದ ತಿಂಗಳು ಮೋಟರ್ ವೇಗ ಸ್ವಲ್ಪ ಜಾಸ್ತಿ ಮಾಡಿದೆವು, ಅಷ್ಟೇ. ಬಿಸಿ ಏರಿತು, ಚೌಕಟ್ಟು ಕೆಲವೇ ಮೈಕ್ರಾನ್ ಹಿಗ್ಗಿತು, ಕ್ಯಾಮೆರಾ ಫೋಕಸ್ ತಪ್ಪಿತು, ಸಾಫ್ಟ್‌ವೇರ್‌ನವರು ಪಾಪ ಎರಡು ವಾರ ತಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತಾ ಕೂತರು. ಪ್ರತಿ ತಂಡದ ಪರೀಕ್ಷೆಯೂ ಪಾಸ್. ತಪ್ಪು ಇದ್ದದ್ದು ತಂಡಗಳ ನಡುವಿನ ಸಂದಿಯಲ್ಲಿ. 1999ರಲ್ಲಿ ನಾಸಾದ ಮಂಗಳ ನೌಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದೂ ಹೀಗೇ ಅಲ್ವಾ? ಒಂದು ತಂಡ ಪೌಂಡ್-ಸೆಕೆಂಡಿನಲ್ಲಿ ಲೆಕ್ಕ ಕೊಟ್ಟಿತ್ತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡ್ ಅಂದುಕೊಂಡಿತ್ತು.

ಡಿಸೈನ್ ಸ್ಟ್ರಕ್ಚರ್ ಮ್ಯಾಟ್ರಿಕ್ಸ್ ಮಾಡಿ ನೋಡಿದೆ. ಅಡ್ಡ ಸಾಲಿನಲ್ಲೂ ಕಂಬ ಸಾಲಿನಲ್ಲೂ ಅದೇ ಮಾಡ್ಯೂಲ್‌ಗಳು, ಅವಲಂಬನೆ ಇದ್ದಲ್ಲಿ ಗುರುತು. ಚೆನ್ನಾಗಿತ್ತು, ಆದರೆ ತಂತಿ ಮತ್ತು ಡೇಟಾ ಮಾತ್ರ ಬರೆದಿದ್ದೆ, ಬಿಸಿ, ಕಂಪನ ಬಿಟ್ಟೇ ಹೋಗಿತ್ತು. ಸಿಸ್‌ಎಂಎಲ್ (ಇಡೀ ವ್ಯವಸ್ಥೆಯನ್ನು ಚಿತ್ರಗಳಲ್ಲಿ ಬರೆಯುವ ಭಾಷೆ) ಮಾದರಿಯನ್ನೂ ಶುರು ಮಾಡಿದೆವು. ಒಬ್ಬ ಬರೆಯುತ್ತಾನೆ, ಉಳಿದವರು ತೆರೆದೂ ನೋಡುವುದಿಲ್ಲ.

ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಬಿಸಿ, ಕಂಪನದಂಥ ಕಾಣದ ಸಂಬಂಧಗಳನ್ನು ಒಂದೇ ಮ್ಯಾಟ್ರಿಕ್ಸ್‌ನಲ್ಲಿ ಹಾಕ್ತೀರಾ, ಬೇರೆ ಬೇರೆ ಇಡ್ತೀರಾ? ಇಂಟರ್‌ಫೇಸ್ ದಾಖಲೆಗೆ (ಎರಡು ಮಾಡ್ಯೂಲ್ ಎಲ್ಲಿ, ಹೇಗೆ ಸೇರುತ್ತವೆ ಅಂತ ಬರೆದಿಡುವುದು) ಯಾರು ಜವಾಬ್ದಾರರು, ಎರಡೂ ಕಡೆಯವರಾ ಅಥವಾ ಮೂರನೆಯವರಾ? ಸುಮ್ನೆ ಹೊಸ ಟೂಲ್ ಹೆಸರು ಬೇಡ, ಅದು ನಮ್ಮಲ್ಲಿ ಬೇಕಾದಷ್ಟಿದೆ.